ಲಾಲ್‌ಬಾಗಿನ ಕ್ರುಂಬಿಗಲ್‌ರವರು

ಪ್ರತಿ ವರುಷವೂ ನಮ್ಮ ಶಾಲೆಯ ಮೇಲಿನ ತರಗತಿಗಳ ಹೆಣ್ಣುಮಕ್ಕಳನ್ನು ಬೆಂಗಳೂರಿನ ಲಾಲ್‌ಬಾಗಿಗೆ ಕರೆದೊಯ್ಯುವ ಪದ್ಧತಿಯುಂಟು. ಈ ತೋಟವನ್ನು ಹಾಕಿಸಿದವರು ಯಾರೆಂದು ಕೇಳಿದರೆ ಹೈದರಾಲಿಯೆಂದು ಎಲ್ಲರೂ ಒಕ್ಕೊರಲಿನಿಂದ ಹೇಳುವರು. ಅದು ಸರಿಯೇ; 1760ರಲ್ಲಿ ಅದಕ್ಕೆ ಮೊದಲಿಟ್ಟವನು ಆತನೇ. ಆದರೆ ಆ ನಗರದ ಬೀದಿಗಳಲ್ಲಿ ಒಂದು ಹೂವಿನ ಕಾಲ ಮುಗಿಯುವಷ್ಟರಲ್ಲಿ ಇನ್ನೊಂದು ಹೂವು ಅರಳುವಂತೆ ಯೋಚಿಸಿದವರಾರೆಂದು ಕೇಳಿದರೆ ಉತ್ತರವಿಲ್ಲ. ಹಿರಿಯ ವಿದ್ಯಾರ್ಥಿನಿಯರಲ್ಲಿಯೂ ಬಲ್ಲವರು ವಿರಳವೆಂದು ತೋರುವುದರಿಂದ ಆ ಮಹನೀಯರ ಚರಿತ್ರೆಯನ್ನು ಸಂಗ್ರಹವಾಗಿ ಇಲ್ಲಿ ಬರೆದಿರುವೆವು.

ಗುಸ್ತಾವ್ ಹರ್ಮನ್ ಕ್ರುಂಬಿಗಲ್‌ರವರು 1865ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ, ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಸಮೀಪವಾದ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಪಿಲ್ನಿಟ್ಸ್ ಎಂಬಲ್ಲಿ ತೋಟಗಾರಿಕೆಯನ್ನು ಕಲಿತು, 1888ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಕ್ಯೂ ಸಸ್ಯೋದ್ಯಾನದಲ್ಲಿಯೂ ಕೆಲಸಮಾಡಿದರು. 1893ರಲ್ಲಿ ಬರೋಡದ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ಅವರನ್ನು ತಮ್ಮ ಉದ್ಯಾನಗಳ ಕ್ಯುರೇಟರ್ ಹುದ್ದೆಗೆ ಬರಮಾಡಿಕೊಂಡರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಜಾನ್ ಕ್ಯಾಮೆರಾನ್‌ರವರ ತರುವಾಯ ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡರು. (ಬೆಂಗಳೂರಿನ ಅಡಿಗೆಮನೆಗಳಿಗೆ ಸೀಮೆಬದನೆಕಾಯಿಯನ್ನು ತಂದವರು ಈ ಕ್ಯಾಮೆರಾನ್‌ರವರೆಂದು ಹೇಳುವರು. ಮಕ್ಕಳಿಗೆ ಈ ಸಂಗತಿಯೇ ಹೆಚ್ಚಾಗಿ ನೆನಪುಳಿಯುತ್ತದೆ!)

ದೊಡ್ಡ ಉದ್ಯಾನದ ಯಜಮಾನಿಕೆಯೆಂದರೆ ನೆರಳಿನಲ್ಲಿ ಅಡ್ಡಾಡುವುದೆಂದು ಕೆಲವರ ಎಣಿಕೆ. ವಾಸ್ತವದಲ್ಲಿ ಅದು ಒಂದು ಋತುವಿನಲ್ಲಿ ನಿಂತು ಮುಂದಿನ ಋತುವಿನ ಕೆಲಸ ಮಾಡುವ ಕಸುಬು. ಮುಂಗಾರಿಗೆ ಮುಂಚೆಯೇ ಗುಂಡಿ ತೋಡಿ ಗೊಬ್ಬರ ತುಂಬಿರಬೇಕು. ಮಳೆ ಹಿಡಿದೊಡನೆ ಸಸಿ ನೆಡಬೇಕು. ಚಳಿಗಾಲದಲ್ಲಿ ಅರಳಬೇಕಾದ ಹೂಪಾತಿಗೆ ಮಳೆಗಾಲ ಮುಗಿಯುವ ಮೊದಲೇ ಬೀಜ ಹಾಕಬೇಕು. ಬೇಸಗೆಯಲ್ಲಿ ನೀರನ್ನು ಅಳೆದು ಹಾಯಿಸಬೇಕು. ಒಂದು ಹದಿನೈದು ದಿನ ತಪ್ಪಿದರೆ ಆ ವರುಷದ ಹೂವೇ ತಪ್ಪಿದಂತೆ.

ಕ್ರುಂಬಿಗಲ್‌ರವರ ಹೆಚ್ಚುಗಾರಿಕೆಯೇನೆಂದರೆ, ಈ ಲೆಕ್ಕವನ್ನು ತೋಟದ ಗೋಡೆಯಿಂದಾಚೆಗೆ ನಗರದ ಬೀದಿಗಳಿಗೂ ಹಬ್ಬಿಸಿದ್ದು. ಒಂದು ಜಾತಿಯ ಮರ ಹೂವುದುರಿಸುವಾಗ ಮತ್ತೊಂದು ಜಾತಿಯದು ಮೊಗ್ಗಾಗಬೇಕು. ಬೀದಿಗೆ ಬೀದಿಯೇ ಸರದಿಯಂತೆ ಅರಳಬೇಕು. ಇಂದಿಗೂ ಬೆಂಗಳೂರಿನಲ್ಲಿ ವರುಷದ ಮೊದಲಿಗೆ ಟಬೆಬುಯ, ಅದರ ಬೆನ್ನಿಗೆ ಜಕರಂಡದ ನೀಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊಳೆದಾಸವಾಳದ ನೇರಳೆ ಮತ್ತು ಕತ್ತಿಕಾಯಿ ಮರದ ಕೆಂಪು, ಮಳೆ ಕಳೆದ ಮೇಲೆ ಆಕಾಶಮಲ್ಲಿಗೆಯ ಬಿಳುಪು ಕಾಣುವುದು. ಇವೆಲ್ಲವನ್ನೂ ಅವರೊಬ್ಬರೇ ನೆಡಿಸಿದರೆಂದಲ್ಲ. ಮರೀಗೌಡರವರೇ ಮೊದಲಾದ ಮುಂದಿನವರೂ ನೆಡಿಸಿದರು. ಕ್ರಮವನ್ನು ಹಾಕಿಕೊಟ್ಟವರು ಇವರು. ಬೀದಿಯ ಮರವೊಂದು ಬೆಳೆದು ಮೈತುಂಬ ಹೂ ಬಿಡಲು ಎಷ್ಟೋ ವರುಷಗಳು ಬೇಕು. ನೆಟ್ಟವರು ನೋಡಿಯಾರೆಂಬ ಭರವಸೆಯಿಲ್ಲ.

ಇಷ್ಟು ದೂರ ಯೋಚಿಸಬಲ್ಲವರಿಗೆ ತಮ್ಮ ನಾಳೆಯು ಕೈಯಲ್ಲಿರಲಿಲ್ಲ. 1914ರಲ್ಲಿ ಮಹಾಯುದ್ಧವು ಮೊದಲಾದ ಮೇಲೆ, ಜರ್ಮನಿಯಲ್ಲಿ ಹುಟ್ಟಿದವರೆಂಬ ಕಾರಣದಿಂದಲೇ ಬ್ರಿಟಿಷ್ ಸರ್ಕಾರವು ಅವರನ್ನು ನಿರ್ಬಂಧದಲ್ಲಿಟ್ಟಿತು. ಬಿಡುಗಡೆಯಾದ ಬಳಿಕ ಪುನಃ ಅದೇ ತೋಟದ ಕೆಲಸಕ್ಕೆ ಬಂದು, 1932ರಲ್ಲಿ ನಿವೃತ್ತರಾದರು. ಎರಡನೆಯ ಯುದ್ಧಕಾಲದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅದೇ ಕಾರಣದಿಂದ ಎರಡನೆಯ ಸಲ ನಿರ್ಬಂಧಕ್ಕೊಳಗಾದರು. ಯುದ್ಧಕಾಲದ ನಿಯಮವೆಂದು ಇದನ್ನು ಸಮರ್ಥಿಸುವವರುಂಟು. ನಮಗೆ ಮಾತ್ರ ಇದನ್ನು ಪಾಠವಾಗಿ ಹೇಳುವಾಗ ಮನಸ್ಸು ಕುಗ್ಗುವುದು. ಇಷ್ಟಾದರೂ ಅವರು ಈ ನಾಡನ್ನು ಬಿಟ್ಟು ಹೋಗಲಿಲ್ಲ. 1956ನೆಯ ಇಸವಿ ಫೆಬ್ರವರಿ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಲಾಲ್‌ಬಾಗಿನಲ್ಲಿ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಂಗಣವು ಶಿಥಿಲವಾಗಿ 2017ರಲ್ಲಿ ಕೆಡವಲ್ಪಟ್ಟಿತು. ಹತ್ತಿರದ ಒಂದು ರಸ್ತೆಗೆ ಅವರ ಹೆಸರುಂಟು. ಸಮಾಧಿಯು ಹೊಸೂರು ರಸ್ತೆಯ ಮೆಥೋಡಿಸ್ಟ್ ಶ್ಮಶಾನದಲ್ಲಿದೆ. ಬರುವ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬೇಕೆಂದಿರುವೆವು. ಬೆಂಗಳೂರಿನಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅಂದು ಜೊತೆಗೂಡಿದರೆ ನಮಗೆ ಬಹಳ ಸಂತೋಷವಾಗುವುದು.