ಡಾ. ಎಂ.ವಿ. ಗೋಪಾಲಸ್ವಾಮಿ: ಮೈಸೂರಿನ ಆಕಾಶವಾಣಿಯ ಸ್ಥಾಪಕರು

ದುದ್ದ ಹೋಬಳಿಯನ್ನೊಳಗೊಂಡ ಮಂಡ್ಯ ಪ್ರದೇಶವು 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮೈಸೂರು ಜಿಲ್ಲೆಯ ಭಾಗವಾಗಿತ್ತು. ಆ ಕಾಲದಲ್ಲಿ ವಿದ್ವಾಂಸರ ಮಾತನ್ನು ಕೇಳಬಯಸುವವರು ತರಗತಿಗೆ ಅಥವಾ ಸಭೆಗೆ ಹೋಗಲೇಬೇಕಾಗಿತ್ತು. ಓದು ಬಾರದವರಿಗೆ ಗ್ರಂಥಗಳ ನೆರವೂ ಇರಲಿಲ್ಲ. ಈ ಕೊರತೆಯನ್ನು ನೀಗುವತ್ತ ಮೊದಲ ಹೆಜ್ಜೆಯನ್ನಿಟ್ಟವರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಪ್ರಮುಖರು.

ವಿದ್ಯಾಭ್ಯಾಸ ಮತ್ತು ವೃತ್ತಿ

1896ರಲ್ಲಿ ಜನಿಸಿದ ಶ್ರೀಯುತರು ಲಂಡನ್ನಿನಲ್ಲಿ ಖ್ಯಾತ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್‌ರ ಬಳಿ ವ್ಯಾಸಂಗ ಮಾಡಿ ಡಾಕ್ಟರೇಟ್ ಪದವಿ ಪಡೆದರು. ಸ್ವದೇಶಕ್ಕೆ ಮರಳಿದ ನಂತರ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗದ ನೇತೃತ್ವ ವಹಿಸಿದರು. ಕಲ್ಕತ್ತದ ನಂತರ ಭಾರತದಲ್ಲಿ ಸ್ಥಾಪಿತವಾದ ಎರಡನೆಯ ಮನಶ್ಶಾಸ್ತ್ರ ವಿಭಾಗವಿದು.

ಬಾನುಲಿ ಕೇಂದ್ರದ ಸ್ಥಾಪನೆ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ನಿವಾಸ ವಿಠ್ಠಲ ವಿಹಾರದಲ್ಲಿ, ಕೇವಲ 30 ವ್ಯಾಟ್ ಸಾಮರ್ಥ್ಯದ ಪ್ರಸಾರ ಯಂತ್ರದಿಂದ ಅವರು ಖಾಸಗಿ ಬಾನುಲಿ ಕೇಂದ್ರವೊಂದನ್ನು ಪ್ರಾರಂಭಿಸಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ತರುವಾಯ 250 ವ್ಯಾಟ್ ಯಂತ್ರವನ್ನು ತರಿಸಲಾಯಿತು. ಸಂಗೀತದೊಂದಿಗೆ ಸಾಹಿತಿಗಳ ಹಾಗೂ ವಿದ್ವಾಂಸರ ಭಾಷಣಗಳು ಪ್ರಸಾರವಾದವು. ಎದುರಿಗೆ ಸಭಿಕರಿಲ್ಲದೆ, ಕಾಣದ ಶ್ರೋತೃವಿಗೆ ತಿಳಿಯುವಂತೆ ಮಿತವಾದ ಅವಧಿಯಲ್ಲಿ ವಿಷಯವನ್ನು ನಿರೂಪಿಸುವುದು ಭಾಷಣಕಾರರಿಗೆ ಹೊಸ ಶಿಸ್ತಾಗಿತ್ತು. ಪಾಂಡಿತ್ಯವು ಮನೆಮಾತಿನ ಸಲಿಗೆಯಲ್ಲಿ ಕಿವಿಗೆ ಬೀಳುವುದೇ ಇಂತಹ ಕಾರ್ಯಕ್ರಮಗಳ ಆಕರ್ಷಣೆ. ಪ್ರಸಿದ್ಧ ಹಾಸ್ಯ ಲೇಖಕ ನಾ. ಕಸ್ತೂರಿಯವರೂ ಈ ಕೇಂದ್ರದಲ್ಲಿ ಸೇವೆ ಸಲ್ಲಿಸಿದರು.

ಸರ್ಕಾರಕ್ಕೆ ಹಸ್ತಾಂತರ

ಕೇಂದ್ರದ ವೆಚ್ಚದ ಬಹುಭಾರವನ್ನು ಗೋಪಾಲಸ್ವಾಮಿಯವರೇ ಹೊತ್ತಿದ್ದರು. ಮೈಸೂರು ಪುರಸಭೆಯ ನೆರವು ದೊರೆತರೂ ವ್ಯಕ್ತಿಯೊಬ್ಬರ ಸಂಪನ್ಮೂಲದಿಂದ ಇದು ಬಹುಕಾಲ ನಡೆಯುವಂತಿರಲಿಲ್ಲ. ತಮ್ಮದಾಗಿಯೇ ಉಳಿಸಿಕೊಂಡು ನಿಂತುಹೋಗಲು ಬಿಡುವುದಕ್ಕಿಂತ, ಬಿಟ್ಟುಕೊಟ್ಟು ಬೆಳೆಯಲು ಅವಕಾಶ ನೀಡುವುದೇ ಉಳಿದ ಮಾರ್ಗವಾಗಿತ್ತು. 1942ರಲ್ಲಿ ಮೈಸೂರು ಸಂಸ್ಥಾನವು ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ಬಾನುಲಿ ಸಂಸ್ಥೆಯಲ್ಲಿ ವಿಲೀನಗೊಂಡಿತು. 1955ರಲ್ಲಿ ಕೇಂದ್ರವನ್ನು ಬೆಂಗಳೂರಿಗೆ ಸ್ಥಳಾಂತರಿಸಲಾಯಿತು. ಮೈಸೂರಿನಲ್ಲಿ ಪುನಃ ಪ್ರಸಾರ ಆರಂಭವಾದದ್ದು 1974ರಲ್ಲಿ.

ಕೊಡುಗೆ

ಗೋಪಾಲಸ್ವಾಮಿಯವರು 1957ರಲ್ಲಿ ನಿಧನರಾದರು. ಅವರ ಮನೆಯ ಕೇಂದ್ರಕ್ಕಿದ್ದ ಹೆಸರನ್ನೇ ಇಂದು ರಾಷ್ಟ್ರದ ಸಾರ್ವಜನಿಕ ಬಾನುಲಿ ಸಂಸ್ಥೆಯು ಧರಿಸಿದೆ. ಅರಿವನ್ನು ಸರ್ವರ ಮನೆಬಾಗಿಲಿಗೆ ತಲುಪಿಸುವುದು ಸಾರ್ವಜನಿಕ ಸೇವೆಯೆಂದು ಸರ್ಕಾರ ಆ ಹೊಣೆಯನ್ನು ವಹಿಸಿಕೊಳ್ಳುವ ಮೊದಲೇ ಅವರು ಅದನ್ನು ಸ್ವಂತ ವೆಚ್ಚದಲ್ಲಿ ನಡೆಸಿ ತೋರಿಸಿದರು.