ತನ್ನನ್ನು ತಾನೇ ಕೇಳಿಕೊಂಡ ಮಾಸ್ತರ: ಶಿಶುನಾಳ ಶರೀಫರು

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ, ನೀನೂ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಗುರುಗಳು ಹೇಳಿದಾಗ, ಕಂಪ್ಯೂಟರ್ ಬಗ್ಗೆ ಬರೆಯೋಣವೆಂದು ಮೊದಲು ಅಂದುಕೊಂಡೆ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಂದ ಎಲ್ಲರೂ ನಿರೀಕ್ಷಿಸುವುದು ಅದನ್ನೇ. ಆದರೆ ಬರೆಯಲು ಕುಳಿತಾಗ ನೆನಪಾದವರು ಒಬ್ಬ ಕನ್ನಡ ಸಾಲೆಯ ಮಾಸ್ತರರು. ಅವರೇ ಸಂತ ಶಿಶುನಾಳ ಶರೀಫರು. ಇದೇ ಶಾಲೆಯಲ್ಲಿ ಅವರ ಪದ ಬಾಯಿಪಾಠ ಮಾಡಿ ಅಂಕ ಪಡೆದವನು ನಾನು. ಅದು ನನಗೂ ಸಂಬಂಧಪಟ್ಟದ್ದೆಂದು ತಿಳಿಯಲು ಮಾತ್ರ ಬಹಳ ವರ್ಷ ಹಿಡಿಯಿತು.

ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ. ಜನರ ಬಾಯಲ್ಲಿ ಅದು ಶಿಶುನಾಳವಾಯಿತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಸಂತ ಖಾದರಿ ಅವರ ಆಶೀರ್ವಾದದಿಂದ ಹುಟ್ಟಿದ ಮಗ ಎಂದು ಆ ಭಾಗದ ಜನ ಇಂದಿಗೂ ಹೇಳುತ್ತಾರೆ. ಮನೆಯಲ್ಲಿ ಕುರಾನಿನ ಜೊತೆಗೆ ರಾಮಾಯಣ, ಮಹಾಭಾರತದ ಕಥೆಗಳೂ ಅಲ್ಲಮಪ್ರಭುವಿನ ವಿಚಾರಗಳೂ ಹುಡುಗನ ಕಿವಿಗೆ ಬಿದ್ದವು. ಊರಿನ ಬಯಲಾಟ, ಭಜನೆಗಳಲ್ಲೂ ಅವನಿಗೆ ಆಸಕ್ತಿ ಇತ್ತು.

ಮುಂದೆ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಸಾಲೆಯ ಮಾಸ್ತರರಾದರು. ಆಗ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಕಾಲದಲ್ಲಿ ಮುಲ್ಕಿ ಪಾಸಾಗಿ ಸರ್ಕಾರಿ ನೌಕರಿ ಹಿಡಿಯುವುದು ಸಣ್ಣ ಮಾತಲ್ಲ. ತಿಂಗಳಾದರೆ ಸಂಬಳ, ಊರಲ್ಲಿ ಮರ್ಯಾದೆ. ಇವತ್ತು ನಮ್ಮ ಮನೆಗಳಲ್ಲಿ ಮಗ ಇಂಜಿನಿಯರ್ ಆದ ಎಂದರೆ ಎಷ್ಟು ಸಂತೋಷವೋ ಅಷ್ಟೇ ಸಂತೋಷ ಆ ಮನೆಯಲ್ಲೂ ಆಗಿರಬೇಕು. ಆದರೆ ಶರೀಫರು ಆ ನೌಕರಿಯನ್ನು ಬಿಟ್ಟು, ಗುರುವನ್ನು ಹುಡುಕಿಕೊಂಡು ಹೊರಟರು.

ಸಿಕ್ಕ ಗುರು ಕಳಸದ ಗೋವಿಂದಭಟ್ಟರು. ಅವರು ಬ್ರಾಹ್ಮಣರು, ಆದರೆ ಮಡಿ ಮೈಲಿಗೆಯ ಗೆರೆ ದಾಟಿದವರು. ಗುರು ಶಿಷ್ಯರ ಭೇಟಿಯ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಭಟ್ಟರು ಶರೀಫರಿಗೆ ನಿನ್ನ ಅಪ್ಪ ಯಾರು ಎಂದು ಕೇಳಿದರಂತೆ. ನೆರೆದವರು ನಕ್ಕರು. ಶರೀಫರು ಮಾತ್ರ ಸಿಟ್ಟಾಗಲಿಲ್ಲ, ತಂದೆಯ ಹೆಸರನ್ನೂ ಹೇಳಲಿಲ್ಲ. ನಿಮ್ಮ ಅಪ್ಪನೇ ನನ್ನ ಅಪ್ಪ ಎಂಬ ಅರ್ಥದ ಉತ್ತರ ಕೊಟ್ಟರಂತೆ. ಸಾಲೆಯಲ್ಲಿ ದಿನವೂ ಮಕ್ಕಳಿಗೆ ಪ್ರಶ್ನೆ ಕೇಳುತ್ತಿದ್ದ ಮಾಸ್ತರರಿಗೆ ಒಂದು ಪ್ರಶ್ನೆ ಎದುರಾಯಿತು. ನೀನು ಯಾರು ಎಂಬ ಆ ಪ್ರಶ್ನೆಯನ್ನು ಅವರು ಸಾಯುವತನಕ ಕೆಳಗಿಡಲಿಲ್ಲ.

ಹಾಗೆ ಕೇಳಿಕೊಂಡದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಬ್ರಾಹ್ಮಣ ಗುರು ಮುಸ್ಲಿಂ ಶಿಷ್ಯನನ್ನು ಜೊತೆಗೆ ಕೂರಿಸಿಕೊಂಡು ಊಟ ಮಾಡಿದರೆ ಆ ಕಾಲದ ಊರು ಸುಮ್ಮನಿರುತ್ತದೆಯೇ? ಎರಡೂ ಕಡೆಯವರಿಂದ ಮಾತು ಕೇಳಬೇಕಾಯಿತು. ಗೋವಿಂದಭಟ್ಟರು ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದರು ಎಂದು ಹೇಳುತ್ತಾರೆ. ಶರೀಫರು ಗುರುವನ್ನೂ ಬಿಡಲಿಲ್ಲ, ಹುಟ್ಟಿದ ಮನೆಯನ್ನೂ ಅಲ್ಲಗಳೆಯಲಿಲ್ಲ. ಮಸೀದಿ, ಮಠ, ಗುಡಿ ಎಲ್ಲ ಕಡೆ ನಡೆದಾಡಿದರು. ತಮ್ಮ ಪದಗಳಿಗೆ ಊರ ದೇವರಾದ ಶಿಶುನಾಳಧೀಶನ ಅಂಕಿತವನ್ನು ಇಟ್ಟುಕೊಂಡರು.

ಅವರ ಸಂಸಾರದ ಸುಖ ಬಹುಕಾಲ ಉಳಿಯಲಿಲ್ಲ. ಹೆಂಡತಿ ಫಾತಿಮಾ ತೀರಿಕೊಂಡರು. ಒಬ್ಬಳೇ ಮಗಳೂ ಉಳಿಯಲಿಲ್ಲ. ಇಷ್ಟಾದ ಮೇಲೆ ಮನುಷ್ಯ ದೇವರನ್ನು ಬೈಯಬಹುದು, ಇಲ್ಲವೇ ಮೂಲೆ ಹಿಡಿಯಬಹುದು. ಶರೀಫರು ಎರಡನ್ನೂ ಮಾಡದೆ ತಂಬೂರಿ ಹಿಡಿದು ಜನರ ನಡುವೆಯೇ ಹಾಡಿದರು.

ಅವರ ಹಾಡುಗಳ ವಿಶೇಷವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಆತ್ಮವಿಮರ್ಶೆ ಎಂದರೆ ಕಾಡಿಗೆ ಹೋಗಿ ಕಣ್ಣು ಮುಚ್ಚಿ ಕೂರುವುದು ಎಂದು ನಾವು ತಿಳಿದಿದ್ದೇವೆ. ಶರೀಫರಿಗೆ ಅದಕ್ಕೆ ಕಾಡು ಬೇಕಾಗಲಿಲ್ಲ. ಕಣ್ಣಿಗೆ ಬಿದ್ದ ಯಾವ ವಸ್ತುವಾದರೂ ಅವರಿಗೆ ಕನ್ನಡಿಯಾಗುತ್ತಿತ್ತು. ಕೈಯಲ್ಲಿದ್ದ ತಂಬೂರಿ ನೋಡಿದರೆ ಅದು ದೇಹವಾಯಿತು. ಗಂಡನ ಮನೆಗೆ ಹೊರಟು ಅಳುವ ಹೆಣ್ಣುಮಗಳನ್ನು ಕಂಡರೆ, ಒಂದು ದಿನ ಎಲ್ಲರೂ ಹೊರಡಬೇಕಾದ ದಾರಿ ನೆನಪಾಯಿತು. ಆ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನು ಕಂಡು ಅದರ ಮೇಲೂ ಪದ ಕಟ್ಟಿದರು. ಹೊಸ ಯಂತ್ರ ಬಂದಾಗ ಬೆರಗಿನಿಂದ ಬಾಯಿ ತೆರೆದು ನಿಲ್ಲುವವರೇ ಹೆಚ್ಚು. ಯಂತ್ರ ನೋಡುತ್ತ ತನ್ನ ಒಳಗೆ ಇಣುಕುವವರು ಕಡಿಮೆ. ಯಂತ್ರಗಳ ನಡುವೆಯೇ ಬದುಕುವ ನನ್ನಂಥವರಿಗೆ ಇದು ದೊಡ್ಡ ಪಾಠ.

ಇವುಗಳಲ್ಲಿ ನನಗೆ ಹತ್ತಿರವಾದದ್ದು ಸೋರುವ ಮನೆಯ ಪದ. ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದ ಪಾಲಬಾವಿಯ ಹಳಬರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿದರೆ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿ ಪಾತ್ರೆ ಇಟ್ಟು ರಾತ್ರಿ ಕಳೆದವರು ನಾವು. ಶರೀಫರು ಹೇಳುವ ಮನೆ ಸೋರುವುದು ಮಳೆಯಿಂದಲ್ಲ, ಅಜ್ಞಾನದಿಂದ.

2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಕೃಷ್ಣಾ, ಘಟಪ್ರಭಾ ತುಂಬಿ ಹರಿದ ಆ ಮಳೆಗೆ ನಮ್ಮ ಮಾಳಿಗೆಯೂ ಸೋರಿತು. ನಾನು ಸಾಲ ಮಾಡಿ ಹಳೆಯ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದೆ. ಮಗ ತನ್ನ ಕರ್ತವ್ಯ ಮಾಡಿದ ಎಂದು ಎಲ್ಲರೂ ಹೊಗಳಿದರು, ನಾನೂ ಹಾಗೆಯೇ ತಿಳಿದೆ. ಮರುವರ್ಷ ಲಾಕ್‌ಡೌನ್ ಬಂದು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ಒಂದು ಸಂಜೆ ಅಪ್ಪ ಕಟ್ಟೆಯ ಮೇಲೆ ಕುಳಿತು ಮೆಲ್ಲಗೆ ಅದೇ ಪದ ಹಾಡಿಕೊಳ್ಳುತ್ತಿದ್ದರು. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ, ಹೊಸ ಮನೆ ಹೇಗಿದೆ ಎಂದು ಕೇಳಿದೆ. ಮನೆ ಸೋರುವುದಿಲ್ಲ, ಆದರೆ ಮಾತಾಡಲು ಮನೆಯಲ್ಲಿ ಯಾರೂ ಇಲ್ಲ ಎಂದರು ಅಪ್ಪ. ನಾನು ಎದುರಿಗೇ ಇದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ಬಂದರೆ ಸಾಲು ಸಾಲಾಗಿ ಹುಡುಕಿ ತೆಗೆಯುವುದು ನನ್ನ ಹೊಟ್ಟೆಪಾಡು. ಆದರೆ ನಾನು ಬದುಕುತ್ತಿರುವ ರೀತಿಯನ್ನು ಒಮ್ಮೆಯೂ ಹಾಗೆ ತೆರೆದು ನೋಡಿರಲಿಲ್ಲ. ಯಾರಿಗಾಗಿ ದುಡಿಯುತ್ತಿದ್ದೇನೆ ಎಂದು ಹೇಳುತ್ತಿದ್ದೆನೋ ಅವರ ಜೊತೆ ಕೂರಲು ನನಗೆ ಸಮಯವಿರಲಿಲ್ಲ. ನಾನು ಶರೀಫರಂತೆ ನೌಕರಿ ಬಿಟ್ಟಿಲ್ಲ, ಬಿಡುವ ಶಕ್ತಿಯೂ ಇಲ್ಲ. ಆದರೆ ಅಂದಿನಿಂದ ಸಂಜೆ ಊಟದ ಹೊತ್ತಿಗೆ ಫೋನ್ ಬದಿಗಿಡುತ್ತೇನೆ, ತಿಂಗಳಿಗೊಮ್ಮೆ ಊರಿಗೆ ಬರುತ್ತೇನೆ. ತಪ್ಪಿದ ತಿಂಗಳುಗಳೂ ಇವೆ. ತಪ್ಪಿದಾಗ ಮತ್ತೆ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಶರೀಫರು 1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ದೇಹ ಬಿಟ್ಟರು. ಹಿಂದೂ, ಮುಸ್ಲಿಂ ಎರಡೂ ಪದ್ಧತಿಯಂತೆ ಅವರ ಅಂತ್ಯಕ್ರಿಯೆ ನಡೆಯಿತೆಂದು ಹೇಳುತ್ತಾರೆ. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಎರಡೂ ಕಡೆಯ ಜನ ಬಂದು ನಮಸ್ಕರಿಸುತ್ತಾರೆ. ಅವರ ಪದಗಳನ್ನು ಉಳಿಸಿದವರು ಹಳ್ಳಿಯ ಭಜನೆಯವರು. ಬಾಯಿಂದ ಬಾಯಿಗೆ ಬಂದ ಆ ಪದಗಳನ್ನು ಮುಂದೆ ಸಿ. ಅಶ್ವತ್ಥ್ ತಮ್ಮ ಕಂಠದಿಂದ ನಾಡಿಗೆಲ್ಲ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣರು ಶರೀಫರ ಜೀವನವನ್ನು ಚಲನಚಿತ್ರ ಮಾಡಿದರು.

ಈಗ ಇದೇ ಶಾಲೆಯ ಬೆಂಚಿನ ಮೇಲೆ ಕುಳಿತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಪರೀಕ್ಷೆಯ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರ ಬರೆಯಿರಿ, ನೌಕರಿ ಹಿಡಿಯಿರಿ, ಮನೆಗೆ ಸ್ಲ್ಯಾಬ್ ಹಾಕಿಸಿರಿ. ಅದರ ಜೊತೆಗೆ, ಯಾವ ಪ್ರಶ್ನೆಪತ್ರಿಕೆಯಲ್ಲೂ ಬಾರದ ಆ ಒಂದು ಪ್ರಶ್ನೆಯನ್ನು ಆಗಾಗ ನಿಮಗೆ ನೀವೇ ಕೇಳಿಕೊಳ್ಳಿರಿ. ಅಂದು ಬಾಯಿಪಾಠ ಮಾಡಿಸಿದ ನನ್ನ ಕನ್ನಡ ಗುರುಗಳಿಗೆ ನಮಸ್ಕಾರಗಳು. ಪಾಠ ತಡವಾಗಿಯಾದರೂ ತಲುಪಿದೆ, ಗುರುಗಳೇ.