ಶಿಲೆಗಳ ವಂಶಾವಳಿಯನ್ನು ಬರೆದ ರಾಬರ್ಟ್ ಬ್ರೂಸ್ ಫೂಟ್

ಚಿಟಗುಪ್ಪದ ಸೀಮೆಯ ಮಣ್ಣಿಗೆ ಎರಡು ಬಣ್ಣ: ಎರೆಯ ಕಪ್ಪು, ಮುರಕಲ್ಲಿನ ಕೆಂಪು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪ್ರವಾಹವಾಗಿ ಹರಿದು ಹೆಪ್ಪುಗಟ್ಟಿದ ಲಾವಾಶಿಲೆಯೇ ಇವೆರಡಕ್ಕೂ ತಾಯಿ. ಆದರೆ ಭೂಮಿಯ ಆಯುಷ್ಯದಲ್ಲಿ ಅದು ನಿನ್ನೆಯ ಮಾತು. ಇಲ್ಲಿಂದ ದಕ್ಷಿಣಕ್ಕೆ ನಡೆದು ಭೀಮಾತೀರವನ್ನು ಸೇರಿದರೆ ಶಹಾಬಾದಿನ ಹಾಸುಗಲ್ಲಿನ ನೆಲ. ಅದನ್ನೂ ದಾಟಿದರೆ ಸುರಪುರ, ರಾಯಚೂರುಗಳ ಗ್ರಾನೈಟು ಗುಡ್ಡಗಳು. ದಕ್ಷಿಣಕ್ಕೆ ಸರಿದಂತೆಲ್ಲ ನೆಲ ಹಳೆಯದಾಗುತ್ತದೆ. ಕನ್ನಡ ನಾಡಿನ ಈ ಶಿಲಾವಂಶಾವಳಿಯನ್ನು ಊರೂರು ಅಲೆದು ಬರೆದವರಲ್ಲಿ ಅಗ್ರಗಣ್ಯರು ರಾಬರ್ಟ್ ಬ್ರೂಸ್ ಫೂಟ್ ಅವರು.

ಫೂಟ್ ಅವರು ಜನಿಸಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರ ಕೈಗೆ ಒಂದು ಕಲ್ಲು ದೊರೆಯಿತು. ಅನ್ಯರು ಕಂಡಿದ್ದರೆ ಒದ್ದು ಮುಂದೆ ಸಾಗುತ್ತಿದ್ದರೇನೋ. ಫೂಟ್ ಅವರಿಗೆ ಅದು ಆದಿಮಾನವನು ಕೆತ್ತಿ ಹಿಡಿದ ಕೈಗೊಡಲಿಯೆಂದು ಗೋಚರಿಸಿತು. ಭಾರತದ ಪ್ರಾಗೈತಿಹಾಸ ವಿದ್ಯೆಗೆ ಅಂದು ನಾಂದಿಯಾಯಿತು. ಆ ವಿದ್ಯೆಯ ಜನಕರೆಂಬ ಕೀರ್ತಿ ಇಂದಿಗೂ ಅವರದೇ.

ಕನ್ನಡ ನಾಡು ಅವರಿಗೆ ದೀರ್ಘಕಾಲದ ಕರ್ಮಭೂಮಿಯಾಯಿತು. ಗೋಕಾಕದ ಸಮೀಪದಲ್ಲಿ ದೊರೆತ, ಅಳಿದುಹೋದ ಖಡ್ಗಮೃಗವೊಂದರ ಅವಶೇಷಗಳನ್ನು ಅವರು 1874ರಲ್ಲಿ ವಿವರಿಸಿ ಪ್ರಕಟಿಸಿದರು. 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಅವರ ಬೃಹದ್‌ಗ್ರಂಥ ಹೊರಬಂತು. ಕಲಾದಗಿ ಶಿಲಾಶ್ರೇಣಿ, ಭೀಮಾ ಶಿಲಾಶ್ರೇಣಿಗಳ ವಿಸ್ತಾರವಾದ ವರ್ಣನೆ ಅದರಲ್ಲಿದೆ. ಬಳ್ಳಾರಿ ಸೀಮೆಯ ನವಶಿಲಾಯುಗದ ನೆಲೆಗಳನ್ನೂ ಬೂದಿದಿಬ್ಬಗಳನ್ನೂ ಅವರು ಪರಿಶೀಲಿಸಿದರು. 1891ರಲ್ಲಿ ನಿವೃತ್ತರಾದ ಮೇಲೂ ವಿಶ್ರಾಂತಿಯನ್ನು ಬಯಸದೆ ಬರೋಡಾ ಹಾಗೂ ಮೈಸೂರು ಸಂಸ್ಥಾನಗಳಿಗೆ ಸೇವೆ ಸಲ್ಲಿಸಿದರು. ಅವರು ಸಂಗ್ರಹಿಸಿದ ಪ್ರಾಚೀನ ವಸ್ತುಗಳು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯಕ್ಕೆ ಸೇರಿದವು.

ಆದರೆ ಅವರ ಹೆಸರು ಕನ್ನಡ ನೆಲದೊಡನೆ ಅಳಿಸಲಾಗದಂತೆ ಬೆಸೆದುಕೊಂಡಿರುವುದು ಧಾರವಾಡ ಶಿಲಾಸಮೂಹದ ಮೂಲಕ. 1880ರ ದಶಕದಲ್ಲಿ ಅವರು ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳ ಕೆಲವು ಶಿಲೆಗಳನ್ನು ಸುತ್ತಲಿನ ನೈಸ್ ಶಿಲೆಯಿಂದ ಬೇರ್ಪಡಿಸಿ ಆ ಹೆಸರಿಟ್ಟರು. ಚಿನ್ನವನ್ನು ಒಡಲಲ್ಲಿಟ್ಟುಕೊಂಡ ಶಿಲೆಗಳು ಬಹುಮಟ್ಟಿಗೆ ಇವೇ ಎಂಬುದನ್ನೂ ಅವರು ಎತ್ತಿ ತೋರಿದರು. ಅವರ ಅಭಿಪ್ರಾಯದಲ್ಲಿ ನೈಸ್ ಶಿಲೆ ತಳಹದಿ. ಅದು ಸವೆದ ಮೇಲೆ ಅದರ ಮೇಲೆ ಮರಳು, ಜಲ್ಲಿ, ಕೆಸರು, ಲಾವಾಗಳು ಪದರಪದರವಾಗಿ ಕೂಡಿ ಧಾರವಾಡ ಶಿಲೆಗಳಾದವು. ಎಂದರೆ ನೈಸ್ ಹಿರಿದು, ಧಾರವಾಡ ಕಿರಿದು.

ಈ ಮಾತು ಬಹುಕಾಲ ನಿಲ್ಲಲಿಲ್ಲ. ಮೈಸೂರು ಇಲಾಖೆಯ ಹೊಣೆಯನ್ನು ಬಳಿಕ ಹೊತ್ತ ಡಾ. ಸ್ಮೀತ್ ಅವರು ಅದನ್ನು ತಲೆಕೆಳಗು ಮಾಡಿದರು. ಧಾರವಾಡ ಶಿಲೆಗಳು ಅಗ್ನಿಜನ್ಯವೆಂದೂ, ಅವೇ ಅತ್ಯಂತ ಪ್ರಾಚೀನವೆಂದೂ, ನೈಸ್ ಶಿಲೆ ಕಾಲಾನಂತರದಲ್ಲಿ ಕರಗಿದ ರಸವಾಗಿ ಅವುಗಳೊಳಗೆ ನುಗ್ಗಿತೆಂದೂ ಸಾಧಿಸಿದರು. ಅಂಥ ನುಗ್ಗುವಿಕೆಯ ಕುರುಹುಗಳು ಹಲವೆಡೆ ಇದ್ದುದರಿಂದ ವಾದ ನಿರಾಧಾರವೂ ಆಗಿರಲಿಲ್ಲ. ಹಿರಿಯರಾರು, ಕಿರಿಯರಾರು ಎಂಬುದೇ ತಿಳಿಯದಿದ್ದರೆ ವಂಶಾವಳಿಗೆ ಅರ್ಥವೆಲ್ಲಿ? ವ್ಯಾಜ್ಯ ಇತ್ಯರ್ಥವಾಗುವ ಮೊದಲೇ, 1912ರ ಡಿಸೆಂಬರ್ 29ರಂದು, ಫೂಟ್ ಅವರು ಕೀರ್ತಿಶೇಷರಾದರು.

ಸಾಕ್ಷ್ಯವು ಮರಳಿನ ಕಣದಲ್ಲಿ ಅಡಗಿತ್ತು. ಗ್ರಾನೈಟು, ನೈಸ್ ಮೊದಲಾದ ಶಿಲೆಗಳಲ್ಲಿ ಜಿರ್ಕಾನ್ ಎಂಬ ಸೂಕ್ಷ್ಮವಾದ, ಬಲು ಗಟ್ಟಿಯಾದ ಹರಳುಗಳಿರುತ್ತವೆ. ಹರಳು ರೂಪುಗೊಳ್ಳುವಾಗ ಯುರೇನಿಯಂ ಅಣುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆ ಯುರೇನಿಯಂ ನಿಯತವಾದ ಗತಿಯಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಯುರೇನಿಯಂ-238ರ ಅರ್ಧಭಾಗ ಹೀಗೆ ಕ್ಷಯಿಸಲು ಸುಮಾರು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣವನ್ನು ಅಳೆದರೆ ಹರಳಿನ ಜನ್ಮಕಾಲ ತಿಳಿಯುತ್ತದೆ. ಗುಡ್ಡ ಸವೆದು ಮಣ್ಣುಪಾಲಾದರೂ ಜಿರ್ಕಾನ್ ಅಳಿಯದೆ ಹೊಳೆಯೊಡನೆ ಹರಿದು ಮರಳಿನಲ್ಲಿ ಸೇರಿ, ಆ ಮರಳು ಕಲ್ಲಾದ ಮೇಲೂ ತನ್ನ ತವರಿನ ವಯಸ್ಸನ್ನು ಕಾಪಾಡಿಕೊಂಡಿರುತ್ತದೆ. ಮರಳುಗಲ್ಲಿನ ಜಿರ್ಕಾನ್‌ಗಳ ವಯಸ್ಸನ್ನು ಸುತ್ತಲಿನ ಶಿಲೆಗಳ ವಯಸ್ಸಿನೊಡನೆ ತಾಳೆ ನೋಡಿದರೆ ಆ ಮರಳು ಯಾವ ಗುಡ್ಡದಿಂದ ಬಂತೆಂದು ಊಹಿಸಬಹುದು. ಯಾವ ಭೂಖಂಡ ಯಾವಾಗ ಯಾವುದರ ನೆರೆಯಲ್ಲಿತ್ತೆಂಬುದಕ್ಕೂ ಅದರಿಂದ ಸುಳಿವು ದೊರೆಯುತ್ತದೆ. ಯುರೇನಿಯಂ-ಸೀಸದ ಲೆಕ್ಕದಿಂದ ಶಿಲೆಗಳ ವಯಸ್ಸನ್ನು ಕಾಣುವ ಮೊದಲ ಯತ್ನ 1907ರಲ್ಲಿ ಪ್ರಕಟವಾದಾಗ ಫೂಟ್ ಅವರು ಎಪ್ಪತ್ತು ದಾಟಿದ ವೃದ್ಧರು.

ಸ್ಮೀತ್ ಅವರ ಮತವೂ ಅಚಲವಾಗಿ ಉಳಿಯಲಿಲ್ಲ. ಬಿ. ರಾಮರಾವ್ ಅವರು 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧಾರವಾಡದ ಹಲವು ಶಿಲೆಗಳು ನೀರಿನಲ್ಲಿ ಕೂಡಿದವೇ ಎಂಬ ಮಾತಿಗೆ ಮತ್ತೆ ಮನ್ನಣೆ ದೊರೆಯಿತು. 1970ರ ದಶಕದಲ್ಲಿ ಸ್ವಾಮಿನಾಥ, ರಾಮಕೃಷ್ಣನ್ ಮೊದಲಾದವರು, ನೈಸ್‌ಗಿಂತ ಹಳೆಯ ತುಣುಕುಗಳಿಗೆ ಸರಗೂರು ಸಮೂಹವೆಂದು ಬೇರೆ ಹೆಸರಿಟ್ಟು, ಧಾರವಾಡ ಶಿಲೆಗಳನ್ನು ನೈಸ್‌ನ ಮೇಲೆ ಕೂರಿಸಿದರು. ಜಿರ್ಕಾನ್ ಮೊದಲಾದವುಗಳ ಕಾಲಗಣನೆ ಈ ಕ್ರಮವನ್ನು ದೃಢಪಡಿಸಿತು. ಹಾಸನ, ಗೊರೂರುಗಳ ಸುತ್ತಲ ನೈಸ್‌ಗೆ 330 ಕೋಟಿ ವರ್ಷಗಳನ್ನೂ ಮೀರಿದ ವಯಸ್ಸು. ಬಾಬಾಬುಡನ್, ಚಿತ್ರದುರ್ಗಗಳ ಧಾರವಾಡ ಶಿಲೆಗಳದು ಸುಮಾರು 290ರಿಂದ 260 ಕೋಟಿ. ಧಾರವಾಡದ ತಳದ ಮರಳುಗಲ್ಲಿನಲ್ಲಿ 300 ಕೋಟಿ ವರ್ಷ ಮೀರಿದ ಜಿರ್ಕಾನ್ ಕಣಗಳು. ಮೊಮ್ಮಗನ ಮನೆಯಲ್ಲಿ ಅಜ್ಜನ ಒಡವೆ ದೊರೆತಂತಾಯಿತು! ಇತ್ತ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು 252 ಕೋಟಿ ವರ್ಷದ ಕಿರಿಯದೆಂದು ತಿಳಿದು, ಸ್ಮೀತ್ ಅವರು ಕಂಡ ನುಗ್ಗುವಿಕೆಗೂ ಸಮಾಧಾನ ದೊರೆಯಿತು. ಇಬ್ಬರ ಕಣ್ಣೂ ಸುಳ್ಳು ಕಂಡಿರಲಿಲ್ಲ. ಸ್ಥೂಲವಾದ ಕ್ರಮ ಮಾತ್ರ ಫೂಟ್ ಅವರದೇ ನಿಂತಿತು.

ಅವರ ಬಳಿ ಇದ್ದುದು ಸುತ್ತಿಗೆ, ಸವೆಯುವ ಪಾದರಕ್ಷೆ ಮತ್ತು ಕಂಡದ್ದನ್ನು ಕಂಡಂತೆ ಬರೆಯುವ ನಿಷ್ಠೆ. ಪ್ರಯೋಗಾಲಯದ ಯಂತ್ರಗಳು ದಶಕಗಳ ನಂತರ ಹೇಳಿದ ತೀರ್ಪನ್ನು ಆ ನಿಷ್ಠೆ ಮೊದಲೇ ಹೇಳಿತ್ತು. ಕಣ್ಣು ತೆರೆದು ನಡೆಯುವ ವಿದ್ಯಾರ್ಥಿಗೆ ನಮ್ಮ ಹೊಲದ ಬದುವಿನ ಕಲ್ಲೂ ಒಂದು ಗ್ರಂಥ. ಅದನ್ನು ಓದುವ ಅಕ್ಷರಾಭ್ಯಾಸವನ್ನು ಈ ನಾಡಿಗೆ ಮಾಡಿಸಿದವರ ಸಾಲಿನಲ್ಲಿ ಫೂಟ್ ಅವರ ಸ್ಥಾನ ಚಿರಸ್ಥಾಯಿಯಾದುದು.